ಎಲೆಗಿಂತ ಮೇಜು ದೊಡ್ಡದು

ಮಲೆನಾಡಿನಲ್ಲಿ ಮಳೆಗೂ ಇಸ್ಪೀಟಿಗೂ ಹಳೆಯ ನಂಟು. ಆರಿದ್ರಾ ಮಳೆ ಹಿಡಿದು ಕುಳಿತಿತೆಂದರೆ ಕಳಸ, ಮೂಡಿಗೆರೆಗಳ ಕಡೆ ತೋಟದ ಕೆಲಸ ಅರ್ಧಕ್ಕೆ ನಿಲ್ಲುವುದು. ಸಂಜೆಯಾಗುವುದರೊಳಗೆ ಯಾವುದಾದರೊಂದು ಮನೆಯ ಜಗಲಿಯಲ್ಲಿ ಕಂಬಳಿ ಹಾಸಿ ಒಂದು ಕಟ್ಟು ಎಲೆಯನ್ನು ಹೊರತೆಗೆಯುತ್ತಾರೆ. ರಮ್ಮಿಯೋ ಇಪ್ಪತ್ತೆಂಟೋ ಆರಂಭವಾಗುತ್ತದೆ. ಆಡುವವರೆಲ್ಲ ಒಂದೇ ಊರಿನವರು. ಒಳ್ಳೆಯ ಎಲೆ ಬಂದರೆ ಯಾರಿಗೆ ಕೆಮ್ಮು ಬರುವುದು, ಎರಡು ಸಲ ಸೋತೊಡನೆ ಯಾರು ಹಟ ಹಿಡಿಯುವರು, ಯಾರ ಜೇಬಿನಲ್ಲಿ ಎಷ್ಟಿದೆ ಎಂಬುದೆಲ್ಲ ಎಲ್ಲರಿಗೂ ಗೊತ್ತು. ಯಾರೊಡನೆ ಆಡಬೇಕೆಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಜಗಲಿ ಒಂದೇ, ಕಂಬಳಿಯೂ ಒಂದೇ.

2023ರ ಜೂನ್ ತಿಂಗಳಿನ ಅಂಥದೊಂದು ಸಂಜೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಚಿಕ್ಕಮಗಳೂರಿನ ನಮ್ಮ ಮನೆಗೆ ಬಂದನು. ಕಳಸದ ಕಡೆಯ ಸಣ್ಣ ಬೆಳೆಗಾರರ ಮಗ, ಭೌತಶಾಸ್ತ್ರದಲ್ಲಿ ಚುರುಕಾಗಿದ್ದವನು, ಪದವಿ ಮುಗಿಸಿ ತಂದೆಯ ಕಾಫಿ ತೋಟಕ್ಕೆ ಮರಳಿದ್ದನು. ಕೊಡೆಯನ್ನು ಮೂಲೆಗಿಟ್ಟು, ಅಂಗಿಯ ಒಳಗಿನಿಂದ ಒಂದು ನೋಟುಪುಸ್ತಕವನ್ನು ತೆಗೆದನು. ಮೊಬೈಲಿನಲ್ಲಿ ಅವನು ಪೋಕರ್ ಆಡುತ್ತಿದ್ದನು. 4,000 ಹಂಚಿಕೆಗಳ ಲೆಕ್ಕವನ್ನು ದಿನವಾರು ಬರೆದಿಟ್ಟಿದ್ದನು. ಒಟ್ಟು ಲಾಭ 6,000 ರೂಪಾಯಿ.

"ಸಾರ್, ಒಂದೇ ಸಲಕ್ಕೆ ನೂರಾರು ಮೇಜು ತೋರಿಸುತ್ತೆ. ಯಾವ ಮೇಜಿಗೆ ಕೂರಬೇಕು ಅಂತ ಲೆಕ್ಕ ಹಾಕೋಕೆ ಬರುತ್ತಾ?" ಎಂದು ಕೇಳಿದನು.

ಪ್ರಶ್ನೆ ಚೆನ್ನಾಗಿತ್ತು. ಚೆನ್ನಾಗಿದ್ದುದರಿಂದಲೇ ನಾವು ಅಂದು ಒಂದು ತಪ್ಪು ಮಾಡಿದೆವು. ಅದು ಯಾವ ತಪ್ಪೆಂಬುದು ವಾಚಕರಿಗೆ ಮುಂದೆ ತಿಳಿಯುವುದು. ಮೊದಲು ಆಟವನ್ನು ನೋಡೋಣ.

ಆಟದ ಸ್ವರೂಪ

ಪೋಕರಿನಲ್ಲಿ ಹಲವು ಬಗೆಗಳುಂಟು. ಇಂದು ಹೆಚ್ಚು ಪ್ರಚಾರದಲ್ಲಿರುವುದರಲ್ಲಿ ಪ್ರತಿಯೊಬ್ಬನಿಗೂ ಎರಡೆರಡು ಎಲೆಗಳನ್ನು ಮುಚ್ಚಿ ಹಂಚುತ್ತಾರೆ. ಮೇಜಿನ ನಡುವೆ ಐದು ಎಲೆಗಳನ್ನು ಎಲ್ಲರಿಗೂ ಕಾಣುವಂತೆ ಮೊದಲು ಮೂರು, ಬಳಿಕ ಒಂದು, ಬಳಿಕ ಇನ್ನೊಂದು ಎಂದು ತೆರೆದಿಡುತ್ತಾರೆ. ತನ್ನ ಎರಡು, ನಡುವಿನ ಐದು, ಒಟ್ಟು ಏಳರಲ್ಲಿ ಅತ್ಯುತ್ತಮವಾದ ಐದು ಎಲೆಗಳೇ ಆಟಗಾರನ ಬಲ. ಎಲೆ ತೆರೆಯುವ ಮೊದಲೂ ಪ್ರತಿ ಸಲ ತೆರೆದ ಬಳಿಕವೂ ಪಣ ಕಟ್ಟುವ ಸುತ್ತು ಬರುತ್ತದೆ. ಪಣವನ್ನು ಸರಿಗಟ್ಟದವನು ಎಲೆಯನ್ನು ಕೆಳಗಿಟ್ಟು ಆ ಹಂಚಿಕೆಯಿಂದ ಹೊರಗಾಗುತ್ತಾನೆ. ಕೊನೆಯಲ್ಲಿ ಉಳಿದವರೊಳಗೆ ಬಲವಾದ ಎಲೆಯವನಿಗೆ ರಾಶಿಯೆಲ್ಲ ಸಲ್ಲುವುದು. ಒಬ್ಬನೇ ಉಳಿದರೆ ಎಲೆ ತೋರಿಸದೆಯೂ ಅದು ಅವನದೇ. ಆದುದರಿಂದ ಕೆಟ್ಟ ಎಲೆ ಹಿಡಿದು ದೊಡ್ಡ ಪಣ ಕಟ್ಟಿ ಹೆದರಿಸಿ ಗೆಲ್ಲುವುದೂ ಉಂಟು.

ಆಕಸ್ಮಿಕದ ಪಾತ್ರ ಇದರಲ್ಲಿ ಎಷ್ಟೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. 52 ಎಲೆಗಳಿಂದ ಎರಡನ್ನು 1,326 ಬಗೆಯಲ್ಲಿ ಆರಿಸಬಹುದು. ಅವುಗಳಲ್ಲಿ ಎರಡೂ ಎಕ್ಕಗಳಾಗಿರುವ ಬಗೆಗಳು 6 ಮಾತ್ರ. ಎಂದರೆ 221 ಹಂಚಿಕೆಗಳಿಗೆ ಸರಾಸರಿ ಒಂದು ಸಲ ಈ ಭಾಗ್ಯ. ಇದಕ್ಕಿಂತ ಒಳ್ಳೆಯ ಆರಂಭವಿಲ್ಲ. ಆದರೂ ಯಾವುವೋ ಎರಡು ಎಲೆ ಹಿಡಿದ ಒಬ್ಬ ಎದುರಾಳಿಯ ಮುಂದೆ, ಐದೂ ಎಲೆಗಳನ್ನು ತೆರೆಯುವವರೆಗೆ ಹೋದಾಗ, ಎರಡು ಎಕ್ಕಗಳು ಗೆಲ್ಲುವುದು ನೂರಕ್ಕೆ ಸುಮಾರು 85 ಸಲ. ಉಳಿದ 15 ಸಲ ಸರಿಯಾಗಿ ಆಡಿದವನೂ ಕೈಸುಟ್ಟುಕೊಳ್ಳುವನು.

ಜೂಜುಕೋರರ ಇಂಥ ಸಂಶಯಗಳಿಂದಲೇ ಒಂದು ಗಣಿತ ಹುಟ್ಟಿತು. ಅರ್ಧಕ್ಕೆ ನಿಂತ ಆಟದ ಪಣವನ್ನು ಹೇಗೆ ಹಂಚಬೇಕೆಂಬ ಪ್ರಶ್ನೆಯ ಮೇಲೆ 1654ರಲ್ಲಿ ಪ್ಯಾಸ್ಕಲ್ ಮತ್ತು ಫೆರ್ಮಾ ಪತ್ರ ಬರೆದುಕೊಂಡರು. ಸಂಭಾವ್ಯತಾಶಾಸ್ತ್ರದ ಅಡಿಗಲ್ಲು ಬಿದ್ದುದು ಅಲ್ಲಿ.

ಅಂತರ್ಜಾಲವು ಆಟಕ್ಕೆ ಹೊಸದೊಂದನ್ನು ಸೇರಿಸಿತು. 1998ರಿಂದ ಹಣಕ್ಕೆ ಪೋಕರ್ ಆಡಿಸುವ ತಾಣಗಳು ಬಂದವು. ಅಲ್ಲಿಗೆ ಹೊಕ್ಕವನ ಕಣ್ಣಿಗೆ ಮೊದಲು ಬೀಳುವುದು ಒಂದು ಪಡಸಾಲೆ. ಅದರಲ್ಲಿ ಮೇಜುಗಳ ಪಟ್ಟಿ, ಪ್ರತಿ ಮೇಜಿನ ಎದುರು ಕೆಲವು ಅಂಕಿಗಳು. ಜಗಲಿಯ ಮೇಲೆ ಇರದಿದ್ದ ಆಯ್ಕೆ ಇಲ್ಲಿ ಆಟಕ್ಕಿಂತ ಮೊದಲೇ ಎದುರಾಗುತ್ತದೆ.

ಆಯ್ಕೆ ಎಷ್ಟು ಮುಖ್ಯವೆಂಬುದು ನಮ್ಮವರಿಗೆ ಹೊಸ ಮಾತಲ್ಲ. ಮಹಾಭಾರತದ ದ್ಯೂತಪ್ರಸಂಗವನ್ನು ನೆನೆಯಿರಿ. ದುರ್ಯೋಧನನು ತಾನೇ ದಾಳ ಹಿಡಿಯಲಿಲ್ಲ, ಶಕುನಿಯನ್ನು ಕೂರಿಸಿದನು. ಧರ್ಮರಾಯನು ಕೆಟ್ಟುದು ದಾಳ ಉರುಳಿದ ಮೇಲಲ್ಲ, ಆ ಹಾಸಿನ ಎದುರು ಕುಳಿತ ಗಳಿಗೆಯಲ್ಲಿ.

ಘರ್ಷಣೆಯ ಲೆಕ್ಕ

ಭೌತಶಾಸ್ತ್ರದಲ್ಲಿ ಶಕ್ತಿಯ ನಿತ್ಯತೆಯ ನಿಯಮವುಂಟು. ಶಕ್ತಿಯು ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ; ರೂಪ ಬದಲಿಸುತ್ತದೆ, ಅಷ್ಟೆ. ಪೋಕರ್ ಮೇಜಿನ ಮೇಲಿನ ಹಣಕ್ಕೂ ಇಂಥದೇ ನಿಯಮ ಅನ್ವಯಿಸುತ್ತದೆ. ತೋಟದಲ್ಲಿ ಗಿಡವು ಬಿಸಿಲು, ನೀರು, ಮಣ್ಣುಗಳಿಂದ ಹಣ್ಣನ್ನು ಮಾಡುತ್ತದೆ. ಮೇಜಿನ ಮೇಲೆ ಏನೂ ಬೆಳೆಯುವುದಿಲ್ಲ. ಒಬ್ಬನ ಲಾಭವು ಇನ್ನೊಬ್ಬನ ನಷ್ಟವಲ್ಲದೆ ಬೇರೆಲ್ಲಿಂದಲೂ ಬರಲಾರದು.

ಆದರೆ ನಿಜವಾದ ಯಂತ್ರದಲ್ಲಿ ಘರ್ಷಣೆಯಿರುವಂತೆ ಇಲ್ಲಿಯೂ ಒಂದು ಘರ್ಷಣೆಯುಂಟು. ಆಟ ನಡೆಸುವವನು ಪ್ರತಿ ರಾಶಿಯಿಂದಲೂ ಒಂದಂಶವನ್ನು ಎತ್ತಿಕೊಳ್ಳುತ್ತಾನೆ. ಇದನ್ನು ಮನೆಯ ಪಾಲು ಎನ್ನೋಣ. ಒಂದು ಮೇಜನ್ನು ಕಲ್ಪಿಸಿಕೊಳ್ಳಿ. ಆರು ಮಂದಿ ಆಟಗಾರರು. ದೊಡ್ಡ ಕಡ್ಡಾಯ ಪಣ 10 ರೂಪಾಯಿ. ಪ್ರತಿಯೊಬ್ಬನೂ 1,000 ರೂಪಾಯಿ ತಂದಿದ್ದಾನೆ. ರಾಶಿ ಸರಾಸರಿ 150 ರೂಪಾಯಿ. ಮನೆಯ ಪಾಲು ನೂರಕ್ಕೆ 5. ಎಂದರೆ ಹಂಚಿಕೆಯೊಂದಕ್ಕೆ ಏಳೂವರೆ ರೂಪಾಯಿ. ನೋಡಲು ಅಲ್ಪ, ಚಹದಂಗಡಿಯಲ್ಲಿ ಚಿಲ್ಲರೆ ಬಿಟ್ಟಂತೆ. ನೂರು ಹಂಚಿಕೆಗಳಿಗೆ ಅದು 750 ರೂಪಾಯಿ. ಆರೂ ಮಂದಿ ಸರಿಸಮಾನರಾಗಿದ್ದರೆ ತಲೆಗೆ 125 ರೂಪಾಯಿ ನಷ್ಟ. ಇದೇ ಗಾತ್ರದ ಪಣಗಳು ಮುಂದುವರಿದಲ್ಲಿ 800 ಹಂಚಿಕೆಗಳ ಹೊತ್ತಿಗೆ ಆರೂ ಮಂದಿ ತಂದ 6,000 ರೂಪಾಯಿಯೂ ಮನೆಯವನ ಪೆಟ್ಟಿಗೆಯಲ್ಲಿರುವುದು. ಗಂಟೆಗೆ 75 ಹಂಚಿಕೆಗಳಂತೆ ಅದು 11 ಗಂಟೆಗಿಂತ ಕಡಿಮೆ ಹೊತ್ತಿನ ಕೆಲಸ. ಆರು ಮಂದಿಯಲ್ಲಿ ಯಾರೂ ತಪ್ಪು ಆಡಿಲ್ಲ. ಯಾರೂ ಮೋಸ ಮಾಡಿಲ್ಲ.

ನಾಲ್ಕು ಮೇಜುಗಳು

ಹಾಗಾದರೆ ಗೆಲ್ಲುವವರು ಹೇಗೆ ಗೆಲ್ಲುತ್ತಾರೆ? ಮೇಜಿನಲ್ಲಿ ಹೊಸಬರಿದ್ದರೆ ಮಾತ್ರ. ಹೊಸಬನು ಎಲ್ಲ ಹಂಚಿಕೆಯಲ್ಲಿಯೂ ಇಳಿಯುತ್ತಾನೆ. ಬಿಡಬೇಕಾದ ಎಲೆಯನ್ನು ಬಿಡಲಾರನು. ಅಂಥವನು ನೂರು ಹಂಚಿಕೆಗಳಿಗೆ ಸರಾಸರಿ 400 ರೂಪಾಯಿ ಕಳೆಯುತ್ತಾನೆನ್ನಿ. ಉಳಿದವರೆಲ್ಲ ಪಳಗಿದವರು, ತಮ್ಮೊಳಗೆ ಸಮಾನರು. ಮನೆಯ ಪಾಲು ಎಲ್ಲ ಮೇಜಿಗೂ 750 ರೂಪಾಯಿಯೇ ಎಂದು ಸರಳತೆಗಾಗಿ ಇಟ್ಟುಕೊಳ್ಳೋಣ. ಈಗ ಪಳಗಿದವನೊಬ್ಬನಿಗೆ ನೂರು ಹಂಚಿಕೆಗಳಿಗೆ ಸಿಗುವುದೆಷ್ಟು?

ಹೊಸಬರೇ ಇಲ್ಲದ ಮೇಜಿನಲ್ಲಿ 125 ರೂಪಾಯಿ ನಷ್ಟ.

ಒಬ್ಬ ಹೊಸಬನಿರುವ ಮೇಜಿನಲ್ಲಿ ಅವನ 400 ರೂಪಾಯಿ ಮನೆಯ ಪಾಲಿಗೇ ಸಾಲದು. ಉಳಿದ ಐವರಲ್ಲಿ ಒಬ್ಬೊಬ್ಬನಿಗೆ 70 ರೂಪಾಯಿ ನಷ್ಟ.

ಇಬ್ಬರು ಹೊಸಬರಿದ್ದರೆ ಅವರು ಕಳೆದ 800ರಲ್ಲಿ ಮನೆಯ ಪಾಲು ಹೋಗಿ 50 ಉಳಿಯುವುದು. ಅದನ್ನು ನಾಲ್ವರು ಹಂಚಿಕೊಂಡರೆ ತಲೆಗೆ ಹನ್ನೆರಡೂವರೆ ರೂಪಾಯಿ ಲಾಭ.

ಮೂವರು ಹೊಸಬರಿದ್ದರೆ 1,200ರಲ್ಲಿ 450 ಉಳಿದು, ಮೂವರಿಗೆ 150 ರೂಪಾಯಿಯಂತೆ ಲಾಭ.

ಗಮನಿಸಿ: ನಾಲ್ಕು ಮೇಜುಗಳಲ್ಲಿಯೂ ನಮ್ಮ ಆಟಗಾರನ ಜಾಣ್ಮೆ ಒಂದೇ. ಅವನಿಗೆ ಬರುವ ಎಲೆಗಳ ಸರಾಸರಿಯೂ ಒಂದೇ. ಬದಲಾದುದು ಸುತ್ತ ಕುಳಿತವರು. ಅಷ್ಟರಿಂದಲೇ ನಷ್ಟವು ಲಾಭವಾಗಿ ತಿರುಗಿತು.

ಈ ಮೂರನೆಯ, ನಾಲ್ಕನೆಯ ಬಗೆಯ ಮೇಜುಗಳನ್ನು ಹುಡುಕುವುದಕ್ಕೆ ಪಡಸಾಲೆಯ ಅಂಕಿಗಳು ನೆರವಾಗುತ್ತವೆ. ರಾಶಿಯ ಸರಾಸರಿ ದೊಡ್ಡದಾಗಿದ್ದು, ಮೊದಲ ಮೂರು ಎಲೆ ತೆರೆಯುವವರೆಗೆ ಉಳಿಯುವವರ ಸಂಖ್ಯೆ ಹೆಚ್ಚಾಗಿದ್ದರೆ, ಅಲ್ಲಿ ಎಲೆ ಬಿಡಲಾರದವರು ಇದ್ದಾರೆಂದು ಅರ್ಥ. ಕಾಯುವವರ ಸಾಲು ಉದ್ದವಾಗಿದ್ದರೆ ಇತರರೂ ಅದನ್ನು ಕಂಡಿದ್ದಾರೆಂದು ಅರ್ಥ. ಮೇಜಿನೊಳಗೆ ಯಾವ ಕುರ್ಚಿ ಎಂಬುದಕ್ಕೂ ಬೆಲೆಯುಂಟು. ಸರದಿಯು ಎಡಕ್ಕೆ ಸಾಗುವುದರಿಂದ ದೊಡ್ಡ ಪಣ ಕಟ್ಟುವವನ ಎಡಗಡೆ ಕುಳಿತವನು ಸಾಮಾನ್ಯವಾಗಿ ಅವನ ನಡೆಯನ್ನು ಕಂಡು ತಾನು ನಡೆಯಬಹುದು.

ಇಷ್ಟನ್ನೂ ನಾವು ಅಂದು ಒಂದು ಹಾಳೆಯ ಮೇಲೆ ಬರೆದು ತೋರಿಸಿದೆವು. ಹುಡುಗನ ಕಣ್ಣು ಅರಳಿತು. ನಿಯಮವೊಂದು ಹೊಸ ಕಡೆಯಲ್ಲಿ ಅನ್ವಯವಾದುದನ್ನು ಕಂಡು ನಮಗೂ ಹಿಗ್ಗಾಯಿತು. ಹಾಳೆಯನ್ನು ಮಡಚಿಟ್ಟುಕೊಂಡು ಅವನು ಕೊನೆಯ ಬಸ್ಸಿಗೆ ಹೊರಟನು. ನಾಲ್ಕು ಸಾಲುಗಳಲ್ಲಿ ಅವನು ಒಯ್ದುದು ಕೊನೆಯ ಸಾಲನ್ನು ಮಾತ್ರ ಎಂಬುದು ನಮಗೆ ಹೊಳೆಯಲಿಲ್ಲ. ಲೆಕ್ಕದ ಅರ್ಧವನ್ನಷ್ಟೇ ಹೇಳಿ ಕಳಿಸಿದ್ದು ನಮ್ಮ ತಪ್ಪು.

ಮಳೆಯ ಪುಸ್ತಕ

ಮುಂದಿನ ವರ್ಷ, 2024ರ ಏಪ್ರಿಲಿನಲ್ಲಿ, ಅವನು ಮತ್ತೆ ಬಂದನು. ಆ ಹೊತ್ತಿಗೆ ಅವನು ಹಿಂದಿನ ಮೇಜುಗಳನ್ನು ಬಿಟ್ಟು ಹತ್ತು ಪಟ್ಟು ದೊಡ್ಡ ಮೇಜಿಗೆ ಏರಿದ್ದನು. ಅಲ್ಲಿ ದೊಡ್ಡ ಕಡ್ಡಾಯ ಪಣ 100 ರೂಪಾಯಿ. ಮಾರ್ಚಿಯಲ್ಲಿ ಕರಿಮೆಣಸು ಮಾರಿದ ಹಣ ಅವನ ಖಾತೆಗೆ ಬಂದಿತ್ತು. ಮೂರು ರಾತ್ರಿಗಳಲ್ಲಿ, 900 ಹಂಚಿಕೆಗಳಲ್ಲಿ, ಅದರಿಂದ 38,000 ರೂಪಾಯಿ ಹೋಗಿತ್ತು. ವ್ಯಾಪಾರಿ ಇನ್ನೂ ಪೂರ್ತಿ ಕೊಟ್ಟಿಲ್ಲವೆಂದು ತಂದೆ ತಿಳಿದಿದ್ದರು. ಏಪ್ರಿಲಿನ ತೋಟದ ಕೂಲಿಗೆ ಅದೇ ಹಣವಾಗಬೇಕಿತ್ತು.

"ಮೇಜು ಸರಿಯಾಗಿಯೇ ಆರಿಸಿದ್ದೆ ಸಾರ್. ಎಲೆ ಬರಲಿಲ್ಲ" ಎಂದನು.

ಆಗ ನಾವು ಅವನಿಗೆ ಅವನ ಮನೆಯದೇ ಒಂದು ವಸ್ತುವನ್ನು ನೆನಪಿಸಿದೆವು. ಕಾಫಿ ಬೆಳೆಗಾರರ ಮನೆಗಳಲ್ಲಿ ಮಳೆಯ ಪುಸ್ತಕವೊಂದು ಇರುವುದುಂಟು. ಅಂಗಳದ ಮಾಪಕದಲ್ಲಿ ಬೆಳಗ್ಗೆ ಎಷ್ಟು ಇಂಚು, ಎಷ್ಟು ಸೆಂಟು ಬಿದ್ದಿತೆಂದು ದಿನವೂ ಬರೆದಿಡುತ್ತಾರೆ. ತಾತನ ಕಾಲದಿಂದ ಬಂದ ಪುಸ್ತಕಗಳೂ ಇವೆ. ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುವುದು. ಹೂಮಳೆ ತಪ್ಪಿದರೆ ಫಸಲೂ ತಪ್ಪುವುದು. ಒಂದು ವರ್ಷದ ಪುಟವನ್ನು ಮಾತ್ರ ನೋಡಿ, ಈ ತೋಟಕ್ಕೆ ಹೂಮಳೆ ಚೆನ್ನಾಗಿ ಬರುವುದೆಂದು ಹೇಳಿ ಯಾರಾದರೂ ತೋಟ ಕೊಳ್ಳುವರೆ? ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರದಲ್ಲಿಯೂ ಒಂದು ಗಿಡದ ಒಂದು ವರ್ಷದ ಇಳುವರಿಯನ್ನು ಕಂಡು ಹೊಸ ತಳಿಯನ್ನು ಮೆಚ್ಚುವುದಿಲ್ಲ. ಹಲವು ಗಿಡ, ಹಲವು ವರ್ಷ ನೋಡಬೇಕು.

ಎಷ್ಟು ನೋಡಬೇಕು? ಇದಕ್ಕೆ ಗಣಿತದಲ್ಲಿ ಉತ್ತರವಿದೆ. ನೋಡಿದ ಸಂಖ್ಯೆ ಹೆಚ್ಚಿದಂತೆ ಸರಾಸರಿಯು ನಿಜವಾದ ಬೆಲೆಗೆ ಹತ್ತಿರವಾಗುವುದೆಂಬ ಪ್ರಮೇಯ 1713ರಲ್ಲಿ ಪ್ರಕಟವಾದ ಜೇಕಬ್ ಬರ್ನೂಲಿಯ ಗ್ರಂಥದಲ್ಲಿದೆ. ಆದರೆ ಹತ್ತಿರವಾಗುವ ನಡಿಗೆ ಬಹಳ ನಿಧಾನ. ಆಕಸ್ಮಿಕದ ಏರಿಳಿತವು ಹಂಚಿಕೆಗಳ ಸಂಖ್ಯೆಯ ವರ್ಗಮೂಲದಂತೆ ಬೆಳೆಯುತ್ತದೆ. ನಿಜವಾದ ಲಾಭನಷ್ಟವು ಸಂಖ್ಯೆಯಂತೆಯೇ ಬೆಳೆಯುತ್ತದೆ. ಆರಂಭದಲ್ಲಿ ಏರಿಳಿತವೇ ದೊಡ್ಡದು. ಎಷ್ಟೋ ಕಾಲದ ಮೇಲೆ ನಿಜವು ತಲೆಯೆತ್ತುವುದು.

ನಾವು ಮೊದಲು ಕಲ್ಪಿಸಿದ 10 ರೂಪಾಯಿಯ ಮೇಜಿನಲ್ಲಿ, ನೂರು ಹಂಚಿಕೆಗಳಿಗೆ ಈ ಏರಿಳಿತವು ಸುಮಾರು 900 ರೂಪಾಯಿ ಎಂದಿಟ್ಟುಕೊಳ್ಳಬಹುದು. ಇಂಥ ಆಟಕ್ಕೆ ಇದು ಅತಿಯಾದ ಅಂಕಿಯಲ್ಲ. ಒಬ್ಬನು ನಿಜವಾಗಿಯೂ ಒಳ್ಳೆಯ ಆಟಗಾರ. ನೂರು ಹಂಚಿಕೆಗಳಿಗೆ ಸರಾಸರಿ 50 ರೂಪಾಯಿ ಗಳಿಸಬಲ್ಲವನು ಎನ್ನೋಣ. 10,000 ಹಂಚಿಕೆಗಳ ಬಳಿಕ ಅವನ ನ್ಯಾಯವಾದ ಲಾಭ 5,000 ರೂಪಾಯಿ. ಏರಿಳಿತ 9,000 ರೂಪಾಯಿ. ಎಂದರೆ ಇಂಥ ನೂರು ಮಂದಿ ಒಳ್ಳೆಯ ಆಟಗಾರರಲ್ಲಿ ಸುಮಾರು 29 ಮಂದಿ ಅಷ್ಟು ಆಡಿದ ಮೇಲೂ ನಷ್ಟದಲ್ಲಿರುವರು. ಇದನ್ನೇ ತಿರುಗಿಸಿ ನೋಡಿ. ನೂರು ಹಂಚಿಕೆಗಳಿಗೆ 50 ರೂಪಾಯಿ ಕಳೆಯುವ ನೂರು ಮಂದಿಯಲ್ಲಿ ಸುಮಾರು 29 ಮಂದಿ ಲಾಭದಲ್ಲಿರುವರು. ಅವರೆಲ್ಲರೂ ತಮ್ಮನ್ನು ಜಾಣರೆಂದೇ ತಿಳಿಯುವರು. ಹಾಗೆ ತಿಳಿಯದಿರಲು ಅವರ ಬಳಿ ಕಾರಣವೇನೂ ಇಲ್ಲ.

ನಿಜವಾದ ಲಾಭವು ಏರಿಳಿತದ ಎರಡು ಪಟ್ಟಾದರೆ ಆಗ ಸ್ವಲ್ಪ ಧೈರ್ಯದಿಂದ ಇವನು ಗೆಲ್ಲುವವನೆಂದು ಹೇಳಬಹುದು. ಅದಕ್ಕೆ ಸುಮಾರು 1,30,000 ಹಂಚಿಕೆಗಳು ಬೇಕು. ಗಂಟೆಗೆ 75ರಂತೆ ದಿನಕ್ಕೆ ನಾಲ್ಕು ಗಂಟೆ ಆಡಿದರೂ 430 ದಿನಗಳಿಗೆ ಕಡಿಮೆಯಿಲ್ಲ. ಅಷ್ಟರಲ್ಲಿ ಎದುರಾಳಿಗಳು ಬದಲಾಗಿರುತ್ತಾರೆ. ಅಳೆಯಬೇಕಾದ ವಸ್ತುವೇ ಬದಲಾಗಿರುತ್ತದೆ.

ಈಗ ಹುಡುಗನ ನೋಟುಪುಸ್ತಕಕ್ಕೆ ಬರೋಣ. ಅವನು ಮೊದಲು ಆಡಿದುದು 10 ರೂಪಾಯಿಯ ಮೇಜುಗಳಲ್ಲಿಯೇ. 4,000 ಹಂಚಿಕೆಗಳಲ್ಲಿ ಏರಿಳಿತ ಸುಮಾರು 5,700 ರೂಪಾಯಿ. ಲಾಭವೂ ಇಲ್ಲದ, ನಷ್ಟವೂ ಇಲ್ಲದ ಸಾಧಾರಣ ಆಟಗಾರರಲ್ಲಿ ಏಳಕ್ಕೆ ಒಬ್ಬನು ಬರಿಯ ಅದೃಷ್ಟದಿಂದಲೇ 6,000 ರೂಪಾಯಿಯನ್ನೋ ಅದಕ್ಕೂ ಹೆಚ್ಚನ್ನೋ ಗೆದ್ದಿರುವನು. ನೂರು ಹಂಚಿಕೆಗಳಿಗೆ 50 ರೂಪಾಯಿ ಕಳೆಯುವವರಲ್ಲಿಯೂ ನೂರಕ್ಕೆ ಎಂಟು ಮಂದಿಗೆ ಅದು ದಕ್ಕಬಹುದು. ಇನ್ನು ದೊಡ್ಡ ಮೇಜಿನ 900 ಹಂಚಿಕೆಗಳ ಏರಿಳಿತ 27,000 ರೂಪಾಯಿ. ಅಲ್ಲಿ 38,000 ರೂಪಾಯಿ ಸೋತುದು ವಿಶೇಷ ದುರದೃಷ್ಟವೇನಲ್ಲ. ಅದರಿಂದ ಅವನು ಕೆಟ್ಟ ಆಟಗಾರನೆಂದೂ ಸಿದ್ಧವಾಗುವುದಿಲ್ಲ. ಗೆದ್ದ ಪುಟಗಳು ಅವನಿಗೆ ಏನನ್ನೂ ಕಲಿಸಿರಲಿಲ್ಲ. ಸೋತ ಪುಟಗಳೂ ಕಲಿಸಲಾರವು. ಈ ಆಟದಲ್ಲಿ ಅರಿವು ಬರುವುದಕ್ಕೆ ವರ್ಷ ಬೇಕು, ಹಣ ಹೋಗುವುದಕ್ಕೆ ಮೂರು ರಾತ್ರಿ ಸಾಕು.

2003ರಲ್ಲಿ ಅಮೆರಿಕದ ಲೆಕ್ಕಿಗ ಕ್ರಿಸ್ ಮನಿಮೇಕರ್ ಎಂಬಾತ 86 ಡಾಲರಿನ ಅಂತರ್ಜಾಲ ಪಂದ್ಯದಿಂದ ಮೇಲೇರಿ, ಪೋಕರಿನ ವಿಶ್ವಸರಣಿಯ ಮುಖ್ಯ ಪಂದ್ಯದಲ್ಲಿ 25 ಲಕ್ಷ ಡಾಲರ್ ಗೆದ್ದನು. ಆ ಕಥೆಯನ್ನು ಕೇಳಿ ಆಟಕ್ಕಿಳಿದವರು ಲೋಕದಲ್ಲೆಲ್ಲ ಇದ್ದಾರೆ. ಆ ಪಂದ್ಯದಲ್ಲಿ ಆಡಿದವರು 839 ಮಂದಿ. ಯಾರಾದರೊಬ್ಬನು ಗೆಲ್ಲಲೇಬೇಕಾಗಿತ್ತು. ಉಳಿದ 838 ಮಂದಿಯ ಕಥೆಯನ್ನು ಕೇಳಿ ಯಾರೂ ಆಟಕ್ಕಿಳಿಯಲಿಲ್ಲ.

ಆರಿಸುವವರು ಯಾರು?

ನಾಲ್ಕು ಮೇಜುಗಳ ಲೆಕ್ಕದಲ್ಲಿ ನಾವು ಹೇಳದೆ ಬಿಟ್ಟ ಅರ್ಧಭಾಗ ಇದು: ಹೊಸಬರನ್ನು ಎಣಿಸುವಾಗ ನಮ್ಮನ್ನು ನಾವು ಪಳಗಿದವರ ಸಾಲಿನಲ್ಲಿ ಇಟ್ಟುಕೊಂಡೇ ಎಣಿಸುತ್ತೇವೆ. ಮೇಜಿನಲ್ಲಿ ಇಬ್ಬರು ಹೊಸಬರಿದ್ದಾರೆಂದು ಹುಡುಗನು ಎಣಿಸಿದಾಗ, ಇತರರು ಮೂವರೆಂದು ಎಣಿಸಿರಬಹುದು. ಮೂರನೆಯವನು ಯಾರೆಂಬುದು ಅವನೊಬ್ಬನಿಗೇ ಕಾಣದು.

ಇನ್ನೂ ಒಂದು ಸಂಗತಿಯುಂಟು. ಒಳ್ಳೆಯ ಮೇಜು ಬಹುಕಾಲ ಒಳ್ಳೆಯದಾಗಿ ಉಳಿಯದು. ನೂರು ಹಂಚಿಕೆಗಳಿಗೆ 400 ರೂಪಾಯಿ ಕಳೆಯುವವನ 1,000 ರೂಪಾಯಿ 250 ಹಂಚಿಕೆಗಳಲ್ಲಿ ಮುಗಿಯುತ್ತದೆ. ಸುಮಾರು ಮೂರು ಗಂಟೆ ಇಪ್ಪತ್ತು ನಿಮಿಷ. ಅವನು ಎದ್ದ ಕುರ್ಚಿಗೆ ಕಾಯುವವರ ಸಾಲಿನಿಂದ ಬರುವವನು ಬಹುಮಟ್ಟಿಗೆ ಪಳಗಿದವನೇ, ಏಕೆಂದರೆ ಕಾಯುವಷ್ಟು ಲೆಕ್ಕ ಬಲ್ಲವನು ಅವನು. ಒಬ್ಬೊಬ್ಬ ಹೊಸಬನೂ ಎದ್ದು ಹೋದಂತೆ 150 ರೂಪಾಯಿಯ ಲಾಭ ಹನ್ನೆರಡೂವರೆಗೆ ಇಳಿದು, ಬಳಿಕ 70 ರೂಪಾಯಿ ನಷ್ಟವಾಗಿ, ಕೊನೆಗೆ 125ಕ್ಕೆ ಮುಟ್ಟುವುದು. ಬೇಸಗೆಯಲ್ಲಿ ಹೊಳೆ ಬತ್ತಿ ಮಡುವಿನಲ್ಲಿ ಉಳಿದ ಮೀನಿಗಾಗಿ ಕೊಕ್ಕರೆಗಳು ನೆರೆದಂತೆ ಇದು. ಮೀನು ಮುಗಿದ ಮೇಲೆ ಉಳಿಯುವುದು ಕೊಕ್ಕರೆಗಳಷ್ಟೆ. ಹೊಸ ಮೀನು ಬಾರದಿದ್ದರೆ ಅವಕ್ಕೂ ಉಪವಾಸವೇ.

ಕೊಕ್ಕರೆಗೆ ದೂರದರ್ಶಕವೂ ದೊರೆಯಿತು. ಎದುರಾಳಿಯ ಪ್ರತಿಯೊಂದು ನಡೆಯನ್ನೂ ದಾಖಲೆ ಮಾಡಿ, ಅವನು ನೂರಕ್ಕೆ ಎಷ್ಟು ಸಲ ಇಳಿಯುತ್ತಾನೆ, ಎಷ್ಟು ಸಲ ಹೆದರಿ ಬಿಡುತ್ತಾನೆ ಎಂಬುದನ್ನು ತೆರೆಯ ಮೇಲೆ ಅವನ ಹೆಸರಿನ ಪಕ್ಕದಲ್ಲಿಯೇ ತೋರಿಸುವ ತಂತ್ರಾಂಶಗಳು ಬಂದವು. ಹೊಸಬನು ಕುಳಿತು ಕೆಲವೇ ಸುತ್ತು ಆಗುವುದರೊಳಗೆ ಅವನ ಕೆಮ್ಮು ದೂರದವರಿಗೂ ಕೇಳಿಸಿಬಿಡುತ್ತದೆ. ಅವನಿಗೆ ಮಾತ್ರ ಯಾರ ಕೆಮ್ಮೂ ಕೇಳಿಸದು. ಇದರಿಂದ ಹೊಸಬರು ಓಡಿಹೋಗುವುದನ್ನು ಕಂಡ ಕೆಲವು ತಾಣಗಳು ಹೆಸರುಗಳನ್ನು ಮರೆಮಾಡಿದವು. ಕೆಲವು ಮೇಜನ್ನು ಆರಿಸುವ ಅವಕಾಶವನ್ನೇ ತೆಗೆದವು. ಮನೆಯವನಿಗೆ ಬೇಕಾದುದು ಒಂದೇ: ಮೀನು ನಿಧಾನವಾಗಿ ತೀರಬೇಕು.

ತೆರೆಯ ಆಚೆ ಕುಳಿತವರು ಮನುಷ್ಯರೇ ಎಂಬ ಭರವಸೆಯೂ ಈಗಿಲ್ಲ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಇಬ್ಬರೇ ಆಡುವ, ಪಣಕ್ಕೆ ಮಿತಿಯುಳ್ಳ ಪೋಕರನ್ನು ಗಣಕದಿಂದ ಬಹುತೇಕ ಪೂರ್ತಿಯಾಗಿ ಬಿಡಿಸಿದರು. 2019ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ನೋಮ್ ಬ್ರೌನ್ ಮತ್ತು ತುವೋಮಾಸ್ ಸ್ಯಾಂಡ್‌ಹೋಮ್ ರಚಿಸಿದ ಪ್ಲೂರಿಬಸ್ ಎಂಬ ಕಾರ್ಯಕ್ರಮ ಆರು ಮಂದಿಯ ಮೇಜಿನಲ್ಲಿ ಐವರು ವೃತ್ತಿಪರರೊಡನೆ 12 ದಿನಗಳಲ್ಲಿ 10,000 ಹಂಚಿಕೆಗಳನ್ನಾಡಿ ಗೆದ್ದಿತು. ಇದರಲ್ಲಿ ನಮಗೆ ಪ್ರಸ್ತುತವಾದ ಒಂದು ವಿವರವಿದೆ. ಯಂತ್ರವು ನಿಜಕ್ಕೂ ಉತ್ತಮವೇ ಎಂದು ತೀರ್ಮಾನಿಸಲು ಗೆದ್ದ ಚಿಲ್ಲಿಗಳನ್ನು ಎಣಿಸಿದರೆ ಸಾಲದಾಗಿತ್ತು. ಅದೃಷ್ಟದ ಅಂಶವನ್ನು ಸೋಸಿ ತೆಗೆಯುವ ವಿಶೇಷ ಗಣಿತವನ್ನು ವಿಜ್ಞಾನಿಗಳು ಬಳಸಬೇಕಾಯಿತು. ಅವರಿಗೇ 10,000 ಹಂಚಿಕೆ ಸಾಲದಾದಾಗ, ನೋಟುಪುಸ್ತಕದ 4,000ಕ್ಕೆ ಎಷ್ಟು ಬೆಲೆ?

ಕೌಶಲವೆಂಬ ಮಾತು

ಪೋಕರನ್ನು ಸಮರ್ಥಿಸುವವರು ಅದು ಕೌಶಲದ ಆಟ, ಜೂಜಲ್ಲ ಎನ್ನುವರು. ನಮ್ಮ ದೇಶದ ಕಾನೂನಿನಲ್ಲಿ ಈ ಭೇದಕ್ಕೆ ದೀರ್ಘ ಚರಿತ್ರೆಯಿದೆ. 1867ರ ಜೂಜು ಕಾಯಿದೆಯೇ ಕೌಶಲದ ಆಟಗಳನ್ನು ಹೊರಗಿಟ್ಟಿತ್ತು. ರಮ್ಮಿಯಲ್ಲಿ ಕೌಶಲವೇ ಪ್ರಧಾನವೆಂದು ಸರ್ವೋಚ್ಚ ನ್ಯಾಯಾಲಯ 1967ರಲ್ಲಿ ಹೇಳಿತು. ಕರ್ನಾಟಕ ಸರ್ಕಾರವು 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಅಂತರ್ಜಾಲದ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ರಾಜ್ಯದ ಉಚ್ಚ ನ್ಯಾಯಾಲಯವು ಆ ತಿದ್ದುಪಡಿಯ ನಿಷೇಧಕ ಭಾಗಗಳನ್ನು ರದ್ದುಮಾಡಿತು. ನಮ್ಮ ಹುಡುಗನು ಆಡಿದುದು ಆ ಬಳಿಕದ ಕಾಲದಲ್ಲಿ. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಹೊಸ ಕಾಯಿದೆಯೊಂದನ್ನು ಅಂಗೀಕರಿಸಿತು. 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಕೌಶಲವಿರಲಿ, ಆಕಸ್ಮಿಕವಿರಲಿ, ಎರಡೂ ಬೆರೆತಿರಲಿ, ಹಣ ಕಟ್ಟಿ ಆಡುವ ಅಂತರ್ಜಾಲದ ಆಟಗಳನ್ನು ನಡೆಸುವುದು ಅದರ ಪ್ರಕಾರ ನಿಷಿದ್ಧ. ದೇಶದ ದೊಡ್ಡ ತಾಣಗಳು ಹಣದ ಆಟವನ್ನು ನಿಲ್ಲಿಸಿದವು; ಕಾಯಿದೆಯನ್ನು ಪ್ರಶ್ನಿಸಿ ನ್ಯಾಯಾಲಯಗಳಿಗೆ ಅರ್ಜಿಗಳೂ ಹೋದವು.

ನ್ಯಾಯದ ಪ್ರಶ್ನೆ ನಮ್ಮ ವಿಷಯವಲ್ಲ. ವಿಜ್ಞಾನದ ವಿದ್ಯಾರ್ಥಿಗಳಾಗಿ ನಾವು ಹೇಳಬಹುದಾದುದು ಇಷ್ಟೆ. ಪೋಕರಿನಲ್ಲಿ ಕೌಶಲವುಂಟು, ಸಂಶಯವಿಲ್ಲ. ಆದರೆ ಕೌಶಲವು ಮೇಜಿನ ಮೇಲಿನ ಹಣವನ್ನು ಒಂದು ರೂಪಾಯಿಯಷ್ಟೂ ಹೆಚ್ಚಿಸದು. ಯಾರಿಂದ ಯಾರ ಕಡೆಗೆ ಹರಿಯಬೇಕೆಂಬುದನ್ನು ಮಾತ್ರ ಅದು ನಿರ್ಧರಿಸುವುದು. ಬರಿಯ ನಾಣ್ಯ ಚಿಮ್ಮುವ ಆಟದಲ್ಲಿ ಹೊಸಬನಿಗೂ ಹಳಬನಿಗೂ ಸಮನಾದ ಅವಕಾಶವಿದೆ. ಕೌಶಲ ಹೆಚ್ಚಿದಷ್ಟೂ ಹೊಸಬನ ಸೋಲು ಖಚಿತವಾಗುತ್ತ ಬರುವುದು. ಆದುದರಿಂದ ಕೌಶಲದ ಆಟವೆಂಬ ಮಾತು ಹೊಸಬನಿಗೆ ಆಹ್ವಾನವಲ್ಲ, ಎಚ್ಚರಿಕೆ.

ಕಾಯಿದೆಯ ಕಣ್ಣು ತಪ್ಪಿಸಿ ಬೇರೆ ಬಾಗಿಲು ತೆರೆಯುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಕೊಯ್ಲು ಮುಗಿದು ಕೈಯಲ್ಲಿ ಹಣವಿರುವ ತಿಂಗಳು ಯಾವುದೆಂಬುದು ಅವರಿಗೂ ಗೊತ್ತು. ಆದುದರಿಂದಲೇ ಈ ಲೆಕ್ಕವನ್ನು ಇಷ್ಟು ವಿಸ್ತಾರವಾಗಿ ಬರೆದೆವು.

ಆ ಏಪ್ರಿಲಿನ ಸಂಜೆ ಹುಡುಗನು ಕೊನೆಗೆ ಕೇಳಿದುದು ಒಂದೇ ಪ್ರಶ್ನೆ. "ಹಾಗಾದರೆ ಒಳ್ಳೆಯ ಮೇಜೇ ಇಲ್ಲವೇ, ಸಾರ್?" ಇದೆ ಎಂದೆವು. ಯಾವ ಮೇಜಿನ ಆರೂ ಮಂದಿಯ ಕೆಮ್ಮು ನಿನಗೆ ಗೊತ್ತಿದೆಯೋ, ಯಾವ ಮೇಜಿನಿಂದ ಯಾರೂ ಪಾಲು ಎತ್ತುವುದಿಲ್ಲವೋ, ಎಲ್ಲಿ ಸೋತರೆ ಒಂದು ಲೋಟ ಕಾಫಿಗಿಂತ ಹೆಚ್ಚು ಹೋಗುವುದಿಲ್ಲವೋ ಅದು ಒಳ್ಳೆಯ ಮೇಜು. ಅದು ನಿಮ್ಮ ಜಗಲಿಯಲ್ಲಿಯೇ ಇದೆ.

ಅಂದು ರಾತ್ರಿಯೇ ಅವನು ತಂದೆಗೆ ಎಲ್ಲವನ್ನೂ ಹೇಳಿದನೆಂದು ಬಳಿಕ ತಿಳಿಯಿತು. ತಂದೆ ಸಹಕಾರ ಸಂಘದಲ್ಲಿ ಸಾಲ ತೆಗೆದು ಕೂಲಿ ಬಟವಾಡೆ ಮಾಡಿದರು. ಸಾಲ ತೀರಲು ಎರಡು ಕೊಯ್ಲು ಹಿಡಿಯಿತು. ನಾವಾದರೋ ಈಗ ತರಗತಿಯಲ್ಲಿ ನಾಲ್ಕು ಮೇಜುಗಳ ಲೆಕ್ಕವನ್ನು ಹೇಳುವಾಗ ಕೊನೆಯ ಸಾಲಿಗೆ ಬಂದು ನಿಲ್ಲಿಸುವುದಿಲ್ಲ. ಮೇಜಿನ ಆರು ಕುರ್ಚಿಗಳನ್ನು ಹಲಗೆಯ ಮೇಲೆ ಬರೆದು, ಹೊಸಬರು ಯಾರೆಂದು ಗುರುತು ಹಾಕುವ ಮೊದಲು, ನೀವು ಯಾವ ಕುರ್ಚಿಯಲ್ಲಿದ್ದೀರಿ ಎಂಬುದು ನಿಮಗೆ ಹೇಗೆ ಗೊತ್ತು ಎಂದು ಕೇಳುತ್ತೇವೆ.